ಕ್ಲಾವೆ ಎಲ್ಲಿದೆ? ಮಾಸ್ಟರ್ಸ್ ಅಟ್ ವರ್ಕ್ ಜೋಡಿ ಮತ್ತು ಹೌಸ್ ಸಂಗೀತದ ಕುಲಮೂಲದ ಜಗಳ

1993ರಲ್ಲಿ ನ್ಯೂಯಾರ್ಕಿನಿಂದ ಬಂದ ಮೂರು ರೆಕಾರ್ಡುಗಳನ್ನು ಒಂದರ ಬೆನ್ನಿಗೊಂದು ಕೇಳಿದರೆ ಅವು ಮೂರೂ ಒಂದೇ ಪಾಳಯದವು ಎಂದು ನಂಬುವುದು ಕಷ್ಟ. ‘ಐ ಕಾಂಟ್ ಗೆಟ್ ನೋ ಸ್ಲೀಪ್’ನಲ್ಲಿ ಪೋರ್ಟೊರಿಕೊದಲ್ಲಿ ಹುಟ್ಟಿ ಬ್ರಾಂಕ್ಸಿನಲ್ಲಿ ಬೆಳೆದ ಗಾಯಕಿಯ ಕಂಠ ನಾಲ್ಕು ಪೆಟ್ಟಿನ ಡ್ರಮ್ಮಿನ ಮೇಲೆ ಎಗ್ಗಿಲ್ಲದೆ ಹರಿಯುತ್ತದೆ. ಆಕೆಯ ವೇದಿಕೆಯ ಹೆಸರು ಇಂಡಿಯಾ. ನಮ್ಮ ದೇಶಕ್ಕೂ ಆ ಹೆಸರಿಗೂ ನಂಟಿಲ್ಲ. ‘ಡೀಪ್ ಇನ್‌ಸೈಡ್’ನಲ್ಲಿ ಬಾರ್ಬರಾ ಟಕ್ಕರ್ ಅವರ ‘ಬ್ಯೂಟಿಫುಲ್ ಪೀಪಲ್’ ಹಾಡಿನಿಂದ ಕತ್ತರಿಸಿ ತಂದ ಒಂದು ತುಣುಕು ಕಪ್ಪು ಜನರ ಚರ್ಚಿನ ಕಾವನ್ನು ಹೊತ್ತು ಸುತ್ತುತ್ತಲೇ ಇರುತ್ತದೆ. ‘ದಿ ನರ್ವಸ್ ಟ್ರ್ಯಾಕ್’ನಲ್ಲಿ ಹಾಡೇ ಇಲ್ಲ. ಡ್ರಮ್ಮು ನೇರ ನಡಿಗೆ ಬಿಟ್ಟು ಮುರಿದು ಮುರಿದು ಕುಣಿಯುತ್ತದೆ, ಮೇಲೆ ಜಾಜ್ ಸ್ವರಗಳು ತೇಲುತ್ತವೆ.

ಮೂರರ ಹಿಂದೆಯೂ ಇರುವವರು ಲೂಯಿ ವೇಗಾ ಮತ್ತು ಕೆನ್ನಿ ‘ಡೋಪ್’ ಗೊನ್ಸಾಲೆಸ್. ಇಬ್ಬರೂ ಪೋರ್ಟೊರಿಕೊ ಮೂಲದ ನ್ಯೂಯಾರ್ಕ್ ಹುಡುಗರು, ಜೋಡಿಯ ಹೆಸರು ಮಾಸ್ಟರ್ಸ್ ಅಟ್ ವರ್ಕ್. ಮೂರರಲ್ಲಿ ಲ್ಯಾಟಿನ್ ಯಾವುದು ಎಂದು ಕೇಳಿದರೆ ಹೆಚ್ಚಿನವರು ಮೊದಲನೆಯದನ್ನು ತೋರಿಸುತ್ತಾರೆ. ನಾನು ಮೂರನೆಯದನ್ನು ತೋರಿಸುತ್ತೇನೆ. ಹಾಗೇಕೆ ಎನ್ನುವುದು ಒಂದು ಹಳೆಯ ಜಗಳದೊಳಗೆ ನಮ್ಮನ್ನು ಎಳೆದೊಯ್ಯುತ್ತದೆ. ಹೌಸ್ ಎಂಬ ಕ್ಲಬ್ ನೃತ್ಯಸಂಗೀತದಲ್ಲಿ ಲ್ಯಾಟಿನ್ ಅಂಶ ಹುಟ್ಟಿನಿಂದಲೇ ಬಂದದ್ದೋ, ಆಮೇಲೆ ಮೆತ್ತಿದ ಬಣ್ಣವೋ? ಕಪ್ಪು ಅಮೆರಿಕದ ಸೋಲ್ ಸಂಗೀತಕ್ಕೂ ಅದಕ್ಕೂ ಇರುವ ಸಂಬಂಧ ಯಾವ ಬಗೆಯದು?

ಇಬ್ಬರು, ಎರಡು ಬರೋ

ವೇಗಾ ಹುಟ್ಟಿದ್ದು 1965ರಲ್ಲಿ, ನ್ಯೂಯಾರ್ಕ್ ನಗರದ ಬರೋಗಳಲ್ಲಿ (ಆಡಳಿತ ವಿಭಾಗಗಳಲ್ಲಿ) ಒಂದಾದ ಬ್ರಾಂಕ್ಸಿನಲ್ಲಿ. ತಂದೆ ಸ್ಯಾಕ್ಸೊಫೋನ್ ವಾದಕರು. ಸೋದರಮಾವ ಹೆಕ್ಟರ್ ಲಾವೊ, ಸಾಲ್ಸಾ ಲೋಕದ ದೊಡ್ಡ ಕಂಠಗಳಲ್ಲಿ ಒಬ್ಬರು. ಇಂಥ ಮನೆಯ ಹುಡುಗ ಡಿಜೆಯಾಗಿ ಹೆಸರು ಮಾಡಿದ್ದು ಸಾಲ್ಸಾದಲ್ಲಲ್ಲ, ಫ್ರೀಸ್ಟೈಲಿನಲ್ಲಿ. ಎಂಬತ್ತರ ದಶಕದ ನ್ಯೂಯಾರ್ಕಿನ ಲ್ಯಾಟಿನೊ ಹದಿಹರೆಯದವರು ಡ್ರಮ್ ಯಂತ್ರ, ಸಿಂಥಸೈಜರ್ ಮತ್ತು ಕಣ್ಣೀರಿನ ಪ್ರೇಮಗೀತೆಗಳನ್ನು ಬೆರೆಸಿ ಮಾಡಿಕೊಂಡ ಸಂಗೀತ ಅದು. 1991ರಲ್ಲಿ ವೇಗಾ ಒಬ್ಬ ಎಳೆಯ ಗಾಯಕನ ಜೊತೆ ‘ವೆನ್ ದ ನೈಟ್ ಈಸ್ ಓವರ್’ ಎಂಬ ಆಲ್ಬಂ ತಂದರು. ಆ ಗಾಯಕ ಮಾರ್ಕ್ ಆಂಟನಿ. ಎರಡೇ ವರ್ಷದಲ್ಲಿ ಅವರು ನೃತ್ಯಸಂಗೀತವನ್ನು ಬಿಟ್ಟು ಸಾಲ್ಸಾ ತಾರೆಯಾದರು.

ಗೊನ್ಸಾಲೆಸ್ ಐದು ವರ್ಷ ಚಿಕ್ಕವರು, ಬ್ರೂಕ್ಲಿನ್‌ನವರು. ಅವರ ಶಾಲೆ ಹಿಪ್‌ಹಾಪ್. ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತ, ಹಳೆಯ ಫಂಕ್ ರೆಕಾರ್ಡುಗಳಲ್ಲಿ ಡ್ರಮ್ ಮಾತ್ರ ಉಳಿಯುವ ಜಾಗಗಳನ್ನು ಹುಡುಕುವುದೇ ಅವರಿಗೆ ಗೀಳು. ‘ಮಾಸ್ಟರ್ಸ್ ಅಟ್ ವರ್ಕ್’ ಮೊದಲಿಗೆ ಅವರ ಬಡಾವಣೆಯ ಡಿಜೆ ತಂಡದ ಹೆಸರು. ಬ್ರೂಕ್ಲಿನ್‌ನ ಇನ್ನೊಬ್ಬ ನಿರ್ಮಾಪಕ ಟಾಡ್ ಟೆರ್ರಿ 1988ರ ಹೊತ್ತಿಗೆ ಆ ಹೆಸರನ್ನು ಎರವಲು ಪಡೆದು ರೆಕಾರ್ಡು ಹೊರತಂದರು, ಆಮೇಲೆ ಗೊನ್ಸಾಲೆಸರನ್ನೂ ವೇಗಾರನ್ನೂ ಒಂದುಗೂಡಿಸಿದರು. ಹೆಸರು ಮನೆಗೆ ಮರಳಿತು. ಜೋಡಿಯ ಮೊದಲ ಮುಖ್ಯ ರೆಕಾರ್ಡು ‘ಬ್ಲಡ್ ವೈಬ್ಸ್’ ಮತ್ತು ‘ದಿ ಹಾ ಡ್ಯಾನ್ಸ್’ 1991ರಲ್ಲಿ ಕಟಿಂಗ್ ರೆಕಾರ್ಡ್ಸ್‌ನಿಂದ ಬಂತು.

ಮುಂದಿನ ಹತ್ತು ವರ್ಷ ಇವರ ರೀಮಿಕ್ಸುಗಳಿಗೆ ಲೆಕ್ಕವಿಲ್ಲ. ಡೆಬ್ಬಿ ಗಿಬ್ಸನ್‌ನಿಂದ ಹಿಡಿದು ಸೇಂಟ್ ಎಟಿಯೆನ್, ಮಡೋನಾವರೆಗೆ ಎಲ್ಲ ಬಗೆಯ ಪಾಪ್ ಸಂಗೀತವೂ ಇವರ ಕೈಯಲ್ಲಿ ಹಾದುಹೋಯಿತು. ಎಷ್ಟೋ ರೀಮಿಕ್ಸುಗಳಲ್ಲಿ ಮೂಲ ಹಾಡಿನ ಒಂದು ಚೂರು ದನಿಯಷ್ಟೇ ಉಳಿಯುತ್ತಿತ್ತು. ಹೀಗಾಗಿ ಇವರನ್ನು ಯಾವುದೋ ಒಂದು ಪರಂಪರೆಯ ವಾರಸುದಾರರು ಎಂದು ಕಟ್ಟಿಹಾಕುವುದು ಸುಲಭವಲ್ಲ. ವಾದಗಳು ಹುಟ್ಟುವುದೂ ಇಲ್ಲೇ.

ಹೌಸಿಗೂ ಮುಂಚಿನ ಮಾತು

ಲ್ಯಾಟಿನ್ ಮತ್ತು ಸೋಲ್ ಬೆರೆತದ್ದು ಇವರಿಂದಲ್ಲ. ಅರವತ್ತರ ದಶಕದ ಮಧ್ಯದಲ್ಲಿ ಪೂರ್ವ ಹಾರ್ಲೆಮ್ ಮತ್ತು ಬ್ರಾಂಕ್ಸಿನ ಪೋರ್ಟೊರಿಕನ್ ಹುಡುಗರು ಪಕ್ಕದ ಬೀದಿಯ ಕಪ್ಪು ಹುಡುಗರ ಜೊತೆ ಕುಣಿಯಲೆಂದು ಬೂಗಲೂ ಎಂಬ ಸಂಗೀತ ಮಾಡಿಕೊಂಡರು. ಜೋ ಕ್ಯೂಬಾ ಅವರ ‘ಬ್ಯಾಂಗ್ ಬ್ಯಾಂಗ್’ 1966ರದ್ದು, ಪೀಟ್ ರೊಡ್ರಿಗೆಸ್ ಅವರ ‘ಐ ಲೈಕ್ ಇಟ್ ಲೈಕ್ ದಟ್’ ಮರುವರ್ಷದ್ದು. ಎರಡನೆಯದು 2018ರಲ್ಲಿ ಕಾರ್ಡಿ ಬಿ ಹಾಡಿನೊಳಗೆ ಸ್ಯಾಂಪಲ್ಲಾಗಿ ಅಮೆರಿಕದ ಪಟ್ಟಿಯ ತುದಿಗೇರಿತು. ಬೂಗಲೂವಿನ ಭಾಷೆ ಇಂಗ್ಲಿಷು, ಚಪ್ಪಾಳೆ ಸೋಲ್ ಸಂಗೀತದ್ದು, ಪಿಯಾನೊ ಕ್ಯೂಬಾದ್ದು. ಕೆಲವೇ ವರ್ಷ ಬಾಳಿತು. ಹಿರಿಯ ಬ್ಯಾಂಡ್ ನಾಯಕರಿಗೆ ಅದು ಹುಡುಗಾಟವೆನಿಸಿತ್ತು. ಪಿಯಾನೊ ವಾದಕ ಎಡ್ಡಿ ಪಾಲ್ಮಿಯೆರಿಯಂತೂ ಅದನ್ನು ಬಹಿರಂಗವಾಗಿಯೇ ಹೀಗಳೆದವರು. ಎಪ್ಪತ್ತರ ದಶಕದಲ್ಲಿ ಫಾನಿಯಾ ಕಂಪನಿಯ ಬೆಂಬಲದಲ್ಲಿ ಬೆಳೆದ ಸಾಲ್ಸಾ ಕ್ಯೂಬಾದ ಹಳೆಯ ಶಿಸ್ತಿಗೆ ಮರಳಿತು.

ಬೂಗಲೂ ಸತ್ತರೂ ಅದರ ಬೆರಕೆ ಬುದ್ಧಿ ಸಾಯಲಿಲ್ಲ. ಸ್ಪ್ಯಾನಿಷ್ ಹಾರ್ಲೆಮ್ಮಿನ ಜೋ ಬಟಾನ್ 1973ರಲ್ಲಿ ‘ಸಾಲ್ಸೋಲ್’ ಎಂಬ ಆಲ್ಬಂ ಮಾಡಿದರು. ಅದನ್ನು ತಂದ ಕೇರ್ ಸಹೋದರರು ಆ ಹೆಸರನ್ನೇ ಇಟ್ಟು ಕಂಪನಿ ತೆರೆದರು. ಕಂಪನಿಯ ವಾದ್ಯವೃಂದ ಕಟ್ಟಿದವರು ಫಿಲಡೆಲ್ಫಿಯಾದ ವೈಬ್ರಫೋನ್ ವಾದಕ ವಿನ್ಸೆಂಟ್ ಮೊಂಟಾನಾ. ಈ ಸರಪಳಿಯನ್ನು ಗಮನಿಸಬೇಕು. ಬಟಾನ್ ಆಫ್ರೊ-ಫಿಲಿಪಿನೊ, ಮೊಂಟಾನಾ ಇಟಾಲಿಯನ್ ಮೂಲದವರು, ಮಾಲೀಕರು ಸಿರಿಯಾ ಕಡೆಯ ಯಹೂದಿ ಕುಟುಂಬದವರು, ವಾದಕರಲ್ಲಿ ಹೆಚ್ಚಿನವರು ಫಿಲಡೆಲ್ಫಿಯಾದ ಕಪ್ಪು ಸ್ಟುಡಿಯೊ ಕಲಾವಿದರು. ಡಿಸ್ಕೊ ಕಾಲದ ‘ಲ್ಯಾಟಿನ್ ಸೋಲ್’ ಎಂದು ಇಂದು ಹೆಮ್ಮೆಯಿಂದ ಎತ್ತಿ ತೋರಿಸುವ ವಸ್ತುವಿನ ಒಳಗೆ ಪೋರ್ಟೊರಿಕನ್ನರನ್ನು ಹುಡುಕಿಕೊಂಡು ಹೋಗಬೇಕು. ಅವರು ಹೆಚ್ಚಾಗಿ ಸಿಗುವುದು ಸ್ಟುಡಿಯೊದಲ್ಲಲ್ಲ, ನೃತ್ಯದ ನೆಲದ ಮೇಲೆ. ದಕ್ಷಿಣ ಬ್ರಾಂಕ್ಸಿನ ಪೋರ್ಟೊರಿಕನ್ ಹುಡುಗ ಹುಡುಗಿಯರು ಎಪ್ಪತ್ತರ ದಶಕದ ಆರಂಭದಲ್ಲಿ ರೂಪಿಸಿದ ಹಸ್ಲ್ ನೃತ್ಯ ಡಿಸ್ಕೊದ ಮೈಭಾಷೆಯಾಯಿತು. ಸಂಗೀತದ ಇತಿಹಾಸಕಾರರು ರೆಕಾರ್ಡಿನ ಅಂಟುಚೀಟಿ ಓದುತ್ತಾರೆ. ಕಾಲುಗಳ ಇತಿಹಾಸ ಅಂಟುಚೀಟಿಯಲ್ಲಿ ಇರುವುದಿಲ್ಲ.

ಷಿಕಾಗೊ ಪಕ್ಷ

ಹೌಸ್ ಹುಟ್ಟಿದ್ದು ಷಿಕಾಗೊದಲ್ಲಿ, ಕಪ್ಪು ಸಲಿಂಗಿ ಯುವಕರ ನಡುವೆ. ಇದು ಬಹಳ ಜನ ಒಪ್ಪುವ ಕಥೆ, ಅದರ ತಿರುಳು ಗಟ್ಟಿಯಾಗಿಯೇ ಇದೆ. 1977ರಲ್ಲಿ ತೆರೆದ ‘ವೇರ್‌ಹೌಸ್’ ಕ್ಲಬ್ಬಿನಲ್ಲಿ ಫ್ರಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತಕ್ಕೆ ಆ ಕಟ್ಟಡದ ಹೆಸರೇ ಅಂಟಿತು. 1979ರ ಜುಲೈ 12ರಂದು ಅದೇ ಊರಿನ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ದೊಡ್ಡ ಕಂಪನಿಗಳು ಡಿಸ್ಕೊದಿಂದ ಕೈತೊಳೆದುಕೊಂಡವು. ವಾದ್ಯವೃಂದಕ್ಕೆ ಕೊಡಲು ಹಣವಿಲ್ಲದ ಹುಡುಗರು ರೋಲ್ಯಾಂಡ್ ಕಂಪನಿಯ ಡ್ರಮ್ ಯಂತ್ರಗಳನ್ನು ಇಟ್ಟುಕೊಂಡು ಅದೇ ಆವೇಶವನ್ನು ಮನೆಯಲ್ಲಿ ಕಟ್ಟಿಕೊಂಡರು. 1984ರಲ್ಲಿ ಜೆಸ್ಸಿ ಸಾಂಡರ್ಸ್ ಅವರ ‘ಆನ್ ಅಂಡ್ ಆನ್’ ಎಂಬ ರೆಕಾರ್ಡು ಬಂದದ್ದು ಹೀಗೆ.

ಈ ಪಕ್ಷದ ಪ್ರಕಾರ ಹೌಸಿನ ಆತ್ಮ ಗಾಸ್ಪೆಲ್. ಕಿರುಚಿ ಮುಗಿಲಿಗೇರುವ ಹೆಣ್ಣುದನಿ, ಕರೆ ಮತ್ತು ಮಾರುತ್ತರ, ರಾತ್ರಿಯಿಡೀ ಬೆವರಿ ಹಗುರಾಗುವ ಸಾಮೂಹಿಕ ಅನುಭವ ಎಲ್ಲವೂ ಚರ್ಚಿನಿಂದ ಬಂದವು. ಹಾಗಿದ್ದರೆ ಮಾಸ್ಟರ್ಸ್ ಅಟ್ ವರ್ಕ್ ಮಾಡಿದ್ದೇನು? ಸಿದ್ಧ ಮನೆಗೆ ಬಂದು ಕಾಂಗಾ, ಟಿಂಬಾಲೆಸ್ ವಾದ್ಯಗಳ ತೋರಣ ಕಟ್ಟಿದರು, ಅಷ್ಟೇ.

‘ಡೀಪ್ ಇನ್‌ಸೈಡ್’ ಏಕೆ ಕೆಲಸ ಮಾಡುತ್ತದೆ ಎಂದು ಈ ವಾದ ಚೆನ್ನಾಗಿ ವಿವರಿಸುತ್ತದೆ. ಆದರೆ ತನ್ನ ಊರನ್ನೇ ಪೂರ್ತಿ ವಿವರಿಸಲಾರದು. ಷಿಕಾಗೊದ ರೇಡಿಯೊದಲ್ಲಿ ಹೌಸನ್ನು ಮನೆಮನೆಗೆ ಮುಟ್ಟಿಸಿದ ‘ಹಾಟ್ ಮಿಕ್ಸ್ 5’ ತಂಡದಲ್ಲಿ ರಾಲ್ಫಿ ರೊಸಾರಿಯೊ ಇದ್ದರು. ಅವರ ‘ಯೂ ಯೂಸ್ಡ್ ಟು ಹೋಲ್ಡ್ ಮಿ’ 1987ರದ್ದು. ಲಿಸ್ ಟೊರೆಸ್ ಆ ನಗರದ ಮೊದಲ ತಲೆಮಾರಿನ ಹೌಸ್ ಗಾಯಕಿ. ಈ ಇಬ್ಬರು ಲ್ಯಾಟಿನೊಗಳನ್ನು ಅಪವಾದ ಎಂದು ಪಕ್ಕಕ್ಕಿಡಬಹುದು, ಆದರೆ ಅಪವಾದಗಳ ಸಂಖ್ಯೆ ಹೆಚ್ಚುತ್ತ ಹೋಗುತ್ತದೆ. ಮೈಕಾ ಸಾಲ್ಕಿಂಡ್ 2019ರಲ್ಲಿ ಬರೆದ ‘ಡೂ ಯೂ ರಿಮೆಂಬರ್ ಹೌಸ್?’ ಪುಸ್ತಕ ಷಿಕಾಗೊದ ಕಥೆಯನ್ನೇ ಅಗಲಿಸಿ ಹೇಳುವ ಪ್ರಯತ್ನ. ಇನ್ನು ಫ್ರಾಂಕಿ ನಕಲ್ಸ್ ಬಂದದ್ದೇ ಬ್ರಾಂಕ್ಸಿನಿಂದ. ಇದನ್ನು ಎದುರು ಪಕ್ಷದವರು ಎಂದೂ ಮರೆಯುವುದಿಲ್ಲ.

ನ್ಯೂಯಾರ್ಕ್ ಪಕ್ಷ

ಎದುರು ಪಕ್ಷದವರು ಕಥೆಯನ್ನು ಏಳು ವರ್ಷ ಹಿಂದಕ್ಕೆ ಎಳೆಯುತ್ತಾರೆ. 1970ರಲ್ಲಿ ಡೇವಿಡ್ ಮಾಂಕುಸೊ ತಮ್ಮ ಮನೆಯಲ್ಲೇ ‘ಲಾಫ್ಟ್’ ಕೂಟಗಳನ್ನು ಶುರುಮಾಡಿದಾಗ ಅಲ್ಲಿ ಕುಣಿಯುತ್ತಿದ್ದವರಲ್ಲಿ ಕಪ್ಪು ಜನ, ಪೋರ್ಟೊರಿಕನ್ನರು, ಬಿಳಿಯರು ಎಲ್ಲರೂ ಇದ್ದರು. ಸ್ಪೇನಿನ ಬರಾಬಾಸ್ ಎಂಬ ಬ್ಯಾಂಡಿನ ತಾಳಭರಿತ ರೆಕಾರ್ಡುಗಳು ಅಲ್ಲಿ ಅಚ್ಚುಮೆಚ್ಚು. ಡಿಜೆ ಲ್ಯಾರಿ ಲೆವಾನ್ ನುಡಿಸಿದ ಪ್ಯಾರಡೈಸ್ ಗರಾಜ್ ಕ್ಲಬ್ಬು 1987ರಲ್ಲಿ ಮುಚ್ಚುವವರೆಗೂ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳ ಮನೆಯಂತಿತ್ತು. ಟಿಮ್ ಲಾರೆನ್ಸ್ ಅವರ ‘ಲವ್ ಸೇವ್ಸ್ ದ ಡೇ’ (2003) ಈ ಲೋಕವನ್ನು ದಾಖಲಿಸಿದ ದೊಡ್ಡ ಗ್ರಂಥ. ಇದರ ಪಕ್ಕದಲ್ಲಿ ಹ್ವಾನ್ ಫ್ಲೋರೆಸ್ ಅವರ ‘ಫ್ರಂ ಬೊಂಬಾ ಟು ಹಿಪ್‌ಹಾಪ್’ (2000) ಇಟ್ಟು ಓದಬೇಕು. ಅವರು ಹೌಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದರೆ ಬೂಗಲೂ ಒಂದು ವಾಣಿಜ್ಯ ತಮಾಷೆಯಲ್ಲ, ಒಂದೇ ಬೀದಿಯಲ್ಲಿ ಬೆಳೆದ ಎರಡು ಬಡ ಸಮುದಾಯಗಳ ಮಾತುಕತೆ ಎಂದು ಅವರು ತೋರಿಸಿದ್ದೇ ಈ ಪಕ್ಷಕ್ಕೆ ಬುನಾದಿ.

ಇವರ ಪ್ರಕಾರ ಮಾಸ್ಟರ್ಸ್ ಅಟ್ ವರ್ಕ್ ಏನನ್ನೂ ಸೇರಿಸಲಿಲ್ಲ, ಮುಚ್ಚಿಹೋದದ್ದನ್ನು ತೆಗೆದು ತೋರಿಸಿದರು. ಬೂಗಲೂ, ಸಾಲ್ಸೋಲ್, ಹಸ್ಲ್, ಫ್ರೀಸ್ಟೈಲ್, ಆಮೇಲೆ ಹೌಸ್ ಎಂದು ಒಂದೇ ಎಳೆ. ಕಂಪನಿಗಳಲ್ಲೂ ಆ ಲ್ಯಾಟಿನೊ ಎಳೆ ಕಾಣುತ್ತದೆ. ಕಟಿಂಗ್ ರೆಕಾರ್ಡ್ಸ್ ನಡೆಸಿದವರು ಮರಿನ್ ಸಹೋದರರು. ಸ್ಟ್ರಿಕ್ಟ್‌ಲಿ ರಿದಂ ಕಂಪನಿ ಕಟ್ಟಿದವರಲ್ಲಿ ಗ್ಲ್ಯಾಡಿಸ್ ಪಿಸಾರೊ ಒಬ್ಬರು, ಯಾವ ರೆಕಾರ್ಡು ಹೊರಬರಬೇಕು ಎಂದು ಕಿವಿಗೊಟ್ಟು ಆರಿಸುತ್ತಿದ್ದವರೂ ಅವರೇ.

ಇಷ್ಟು ಅಚ್ಚುಕಟ್ಟಾದ ಎಳೆಯನ್ನು ನಾನು ಪೂರ್ತಿ ನಂಬಲಾರೆ. ಫ್ರೀಸ್ಟೈಲ್ ಕೇಳುತ್ತಿದ್ದ ಹುಡುಗರಲ್ಲಿ ಎಷ್ಟೋ ಮಂದಿಗೆ ಸಾಲ್ಸಾ ಅಪ್ಪ ಅಮ್ಮಂದಿರ ಸಂಗೀತ, ಅದರಿಂದ ದೂರ ಓಡುವುದೇ ಅವರಿಗೆ ಬೇಕಿತ್ತು. ಒಂದೇ ಕುಟುಂಬದ ಇತಿಹಾಸವನ್ನು ಹಿಂದಿನಿಂದ ಬರೆದಾಗ ಮುನಿಸುಗಳೆಲ್ಲ ಮಾಯವಾಗುತ್ತವೆ.

ಕಡಲಾಚೆಯ ವಾದ

ಮೂರನೆಯವರು ಈ ಎರಡೂ ಪಕ್ಷಗಳ ಗಡಿಯನ್ನೇ ಒಪ್ಪುವುದಿಲ್ಲ. ಜೆಲ್ಲಿ ರೋಲ್ ಮಾರ್ಟನ್ 1938ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಅಲನ್ ಲೊಮ್ಯಾಕ್ಸ್ ಎದುರು ಪಿಯಾನೊ ನುಡಿಸುತ್ತ, ಸ್ಪ್ಯಾನಿಷ್ ಛಾಯೆ ಇಲ್ಲದಿದ್ದರೆ ಜಾಜಿಗೆ ಹದ ಬರುವುದಿಲ್ಲ ಎಂಬರ್ಥದ ಮಾತಾಡಿದ್ದರು. ಜಾನ್ ಸ್ಟಾರ್ಮ್ ರಾಬರ್ಟ್ಸ್, ನೆಡ್ ಸಬ್ಲೆಟ್, ರಾಬರ್ಟ್ ಫ್ಯಾರಿಸ್ ಥಾಂಪ್ಸನ್ ಮುಂತಾದವರ ಬರಹಗಳಿಂದ ಬೆಳೆದ ಈ ದಾರಿಯಲ್ಲಿ ಹವಾನಾ, ನ್ಯೂ ಆರ್ಲಿಯನ್ಸ್, ಸ್ಯಾನ್ ಹ್ವಾನ್, ನ್ಯೂಯಾರ್ಕ್ ಎಲ್ಲವೂ ಗುಲಾಮರ ಹಡಗುಗಳು ಮುಟ್ಟಿದ ಒಂದೇ ಕಡಲಿನ ದಡಗಳು. ಯೊರೂಬಾ ಮತ್ತು ಕಾಂಗೊ ಜನರ ಲಯಗಳು ಕ್ಯೂಬಾದಲ್ಲಿ ಒಂದು ರೂಪ, ಮಿಸಿಸಿಪ್ಪಿಯಲ್ಲಿ ಇನ್ನೊಂದು ರೂಪ ತಾಳಿದವು. ನೃತ್ಯದ ನೆಲದಲ್ಲಿ ಮತ್ತೆ ಭೇಟಿಯಾದವು.

ಈ ವಾದಕ್ಕೆ ನಮ್ಮ ಜೋಡಿಯ ಬಳಿ ಸಾಕ್ಷ್ಯ ಬೇಕಾದಷ್ಟಿದೆ. 1994ರಲ್ಲಿ ‘ರಿವರ್ ಓಶನ್’ ಹೆಸರಿನಲ್ಲಿ ಇಂಡಿಯಾ ಹಾಡಿದ ‘ಲವ್ ಅಂಡ್ ಹ್ಯಾಪಿನೆಸ್’ನ ಇನ್ನೊಂದು ಹೆಸರಲ್ಲೇ ಯೆಮಾಯಾ ಮತ್ತು ಓಚುನ್ ಇದ್ದಾರೆ. ಆಫ್ರಿಕದಿಂದ ಕ್ಯೂಬಾಕ್ಕೆ ಬಂದ ಇಬ್ಬರು ಜಲದೇವತೆಯರು ಇವರು, ಒಬ್ಬಳು ಕಡಲಿನವಳು, ಮತ್ತೊಬ್ಬಳು ಹೊಳೆಯವಳು. ಆಮೇಲೆ ಇದೇ ಜೋಡಿ ನೈಜೀರಿಯದ ಫೆಲಾ ಕುಟಿಗೆ ಕಾಣಿಕೆಯಾಗಿ ಒಂದು ದೀರ್ಘ ಟ್ರ್ಯಾಕ್ ಮಾಡಿತು. ಕಪ್ಪು ಮತ್ತು ಲ್ಯಾಟಿನ್ ಎಂಬ ಎರಡು ಪೆಟ್ಟಿಗೆಗಳು ಅಮೆರಿಕದ ಜನಗಣತಿಯ ಸೃಷ್ಟಿ, ಸಂಗೀತದ್ದಲ್ಲ ಎಂದು ಈ ಪಕ್ಷದವರು ಹೇಳಿದಾಗ ತಲೆಯಾಡಿಸದಿರುವುದು ಕಷ್ಟ.

ಅದರ ತೊಂದರೆ ಅದರ ವಿಸ್ತಾರದಲ್ಲೇ ಇದೆ. ನಾಲ್ಕು ನೂರು ವರ್ಷದ ಕಡಲು ಎಲ್ಲವನ್ನೂ ವಿವರಿಸುತ್ತದೆ. ಆದ್ದರಿಂದ 1993ರ ಬ್ರೂಕ್ಲಿನ್‌ನ ಒಂದು ನಿರ್ದಿಷ್ಟ ಡ್ರಮ್ ಏಕೆ ಹಾಗೆ ಮುರಿಯುತ್ತದೆ ಎನ್ನುವುದನ್ನು ವಿವರಿಸುವುದಿಲ್ಲ.

ಯಂತ್ರದ ವಾದ, ಮತ್ತು ಕ್ಲಾವೆಯ ಲೆಕ್ಕ

ನಾಲ್ಕನೆಯ ಪಕ್ಷಕ್ಕೆ ಕುಲಗೋತ್ರದ ಮಾತೇ ಬೇಡ. ಸಂಗೀತವನ್ನು ರೂಪಿಸುವುದು ಕೈಯಲ್ಲಿರುವ ಸಾಧನ ಎನ್ನುತ್ತಾರೆ ಅವರು. ಮಾರ್ಷಲ್ ಜೆಫರ್ಸನ್ ಅವರ ‘ಮೂವ್ ಯುವರ್ ಬಾಡಿ’ (1986) ಹಾಡಿನ ಪಿಯಾನೊವನ್ನು ಒಬ್ಬರು ಚರ್ಚಿನದೆಂದು ಕೇಳುತ್ತಾರೆ, ಇನ್ನೊಬ್ಬರು ಕ್ಯೂಬಾದ ಮೊಂಟುನೊ ಎಂದು ಕೇಳುತ್ತಾರೆ. ಜೆಫರ್ಸನ್ ಹೇಳಿಕೊಂಡದ್ದೇ ಬೇರೆ. ತನಗೆ ಪಿಯಾನೊ ಸರಿಯಾಗಿ ಬರುತ್ತಿರಲಿಲ್ಲ, ಬಹಳ ನಿಧಾನವಾಗಿ ನುಡಿಸಿ ಸೀಕ್ವೆನ್ಸರಿನಲ್ಲಿ ವೇಗ ಏರಿಸಿದೆ ಎಂದು. ಕೆನ್ನಿ ಗೊನ್ಸಾಲೆಸ್ ಅವರ ಆಯುಧ ಎಸ್‌ಪಿ-1200, ಒಟ್ಟು ಹತ್ತು ಸೆಕೆಂಡಿನಷ್ಟು ಶಬ್ದವನ್ನು ಮಾತ್ರ ಹಿಡಿದಿಡಬಲ್ಲ ಸ್ಯಾಂಪ್ಲರ್. ಹತ್ತೇ ಸೆಕೆಂಡು ಇರುವುದರಿಂದ ತುಣುಕುಗಳು ಚಿಕ್ಕವಾಗುತ್ತವೆ, ಚಿಕ್ಕ ತುಣುಕುಗಳನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿದರೆ ಲಯಕ್ಕೆ ಒಂದು ಕುಂಟು ಬರುತ್ತದೆ. ಆ ಕುಂಟೇ ಇವರ ಸಹಿ.

1995ರಲ್ಲಿ ಗೊನ್ಸಾಲೆಸ್ ‘ಬಕೆಟ್‌ಹೆಡ್ಸ್’ ಹೆಸರಲ್ಲಿ ತಂದ ‘ದ ಬಾಂಬ್’ ಬ್ರಿಟನ್ನಿನ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ಅದರ ಕಹಳೆಗಳೂ ಕುಣಿತವೂ ‘ಷಿಕಾಗೊ’ ಎಂಬ ರಾಕ್ ಬ್ಯಾಂಡು 1979ರಲ್ಲಿ ಮಾಡಿದ ಒಂದು ಡಿಸ್ಕೊ ಪ್ರಯೋಗದಿಂದ ಬಂದವು. ಆ ಬ್ಯಾಂಡಿನ ಆಲ್ಬಮ್ಮಿನಲ್ಲಿ ತಾಳವಾದ್ಯ ನುಡಿಸಿದವರಲ್ಲಿ ಬ್ರೆಜಿಲ್‌ನ ಐರ್ಟೊ ಮೊರೇರಾ ಒಬ್ಬರು. ಯಾರ ಲಯ ಯಾರದು ಎಂದು ಕೇಳುವವರು ಇಲ್ಲಿ ಸುಸ್ತಾಗುತ್ತಾರೆ. ‘ದಿ ಹಾ ಡ್ಯಾನ್ಸ್’ ಇನ್ನೂ ವಿಚಿತ್ರ. 1983ರ ಹಾಲಿವುಡ್ ಹಾಸ್ಯಚಿತ್ರ ‘ಟ್ರೇಡಿಂಗ್ ಪ್ಲೇಸಸ್’ನಲ್ಲಿ ವೇಷ ಮರೆಸಿಕೊಂಡ ಇಬ್ಬರು ನಟರು ಆಫ್ರಿಕನ್ನರನ್ನು ಅಣಕಿಸುವಂತೆ ಕೂಗಾಡುತ್ತಾರೆ. ಅದರ ಒಂದು ಕೂಗೇ ಈ ಟ್ರ್ಯಾಕಿನ ಜೀವ. ಆ ಕೆಟ್ಟ ತಮಾಷೆಯ ಚೂರು ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳ ವೋಗ್ ನೃತ್ಯಸ್ಪರ್ಧೆಗಳ ಅಡಿಪಾಯವಾಗಿ, ಇಂದಿಗೂ ಹೊಸ ಹೊಸ ರೂಪದಲ್ಲಿ ಮೊಳಗುತ್ತಿದೆ.

ಹಾಗಾದರೆ ಯಂತ್ರವಾದಿಗಳು ಗೆದ್ದರೇ? ಇಲ್ಲಿ ಕ್ಲಾವೆಯ, ಅಂದರೆ ಕ್ಯೂಬಾ ಸಂಗೀತಕ್ಕೆ ಆಧಾರವಾದ ಲಯದ ಅಚ್ಚಿನ, ಲೆಕ್ಕ ಬೇಕು. ಒಂದು ಸುತ್ತನ್ನು ಹದಿನಾರು ಮಾತ್ರೆ ಎಂದುಕೊಳ್ಳಿ. ಕ್ಯೂಬಾದ ಸೊನ್ ಕ್ಲಾವೆಯಲ್ಲಿ 1, 4, 7, 11, 13ನೆಯ ಮಾತ್ರೆಗಳ ಮೇಲೆ ಐದು ಪೆಟ್ಟು, ಮೊದಲರ್ಧದಲ್ಲಿ ಮೂರು, ಎರಡನೆಯ ಅರ್ಧದಲ್ಲಿ ಎರಡು. ಹೌಸಿನ ದಪ್ಪ ಡ್ರಮ್ಮು 1, 5, 9, 13ರ ಮೇಲೆ ನಾಲ್ಕು ಪೆಟ್ಟು ಹಾಕುತ್ತದೆ. ಎರಡೂ ಕೂಡುವುದು ಎರಡೇ ಕಡೆ, 1 ಮತ್ತು 13ರಲ್ಲಿ. ಉಳಿದ ಮೂರು ಪೆಟ್ಟು ಸಂದಿಗಳಲ್ಲಿ ಬೀಳುತ್ತವೆ. ನಮ್ಮ ತಾಳದಲ್ಲಿ ಎಷ್ಟೇ ಅಲೆದರೂ ಸಮಕ್ಕೆ ಬಂದು ಸೇರುವುದರಲ್ಲಿ ಸುಖವಿದೆ. ಕ್ಲಾವೆಯಲ್ಲಿ ಹಾಗೆ ಬಂದು ಸೇರುವ ಮನೆಯಿಲ್ಲ, ಮೂರರ ಮುಖ ಪ್ರಶ್ನೆ ಕೇಳುತ್ತದೆ, ಎರಡರ ಮುಖ ಉತ್ತರಿಸುತ್ತದೆ, ಮತ್ತೆ ಪ್ರಶ್ನೆ. ಹಾಡು ತಪ್ಪು ಮುಖದ ಮೇಲೆ ಕೂತರೆ ಸಾಲ್ಸಾ ವಾದಕರು ಮುಖ ಕಿವುಚುತ್ತಾರೆ.

ಕ್ಲಾವೆಯನ್ನು ಯಾರೂ ಬಾರಿಸಬೇಕೆಂದೇ ಇಲ್ಲ. ಎಲ್ಲರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ನುಡಿಸಿದರೆ ಸಾಕು. ‘ದಿ ನರ್ವಸ್ ಟ್ರ್ಯಾಕ್’ ನನಗೆ ಲ್ಯಾಟಿನ್ ಎನಿಸುವುದು ಇದರಿಂದಲೇ. ಅಲ್ಲಿ ಸ್ಪ್ಯಾನಿಷ್ ಮಾತಿಲ್ಲ, ಟಿಂಬಾಲೆಸ್‌ನ ಮೆರವಣಿಗೆಯಿಲ್ಲ. ಆದರೆ ನಾಲ್ಕು ಪೆಟ್ಟಿನ ಕಾವಲು ತೆಗೆದೊಡನೆ ಲಯ ಚೆದುರುವುದಿಲ್ಲ, ಸಂದಿಗಳ ಮೇಲೆಯೇ ನಿಂತುಕೊಳ್ಳುತ್ತದೆ. ಯಂತ್ರ ಎಲ್ಲರ ಬಳಿಯೂ ಇತ್ತು, ಸಂದಿಯಲ್ಲಿ ನಿಲ್ಲುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಮುಂದೆ ಲಂಡನ್ನಿನಲ್ಲಿ ‘ಬ್ರೋಕನ್ ಬೀಟ್’ ಎಂಬ ಪಂಥ ಬೆಳೆದಾಗ ಅಲ್ಲಿನವರು ಹಿಂದಿರುಗಿ ನೋಡಿದ್ದು ಈ ಟ್ರ್ಯಾಕಿನ ಕಡೆಗೆ.

1997: ಎಲ್ಲರೂ ಒಂದೇ ಕೋಣೆಯಲ್ಲಿ

ಜೋಡಿ ಈ ವಾದಗಳಿಗೆಲ್ಲ ಕೊಟ್ಟ ಉತ್ತರ ‘ನುಯೊರಿಕನ್ ಸೋಲ್’ ಎಂಬ ಆಲ್ಬಂ. ಬ್ರಿಟನ್ನಿನಲ್ಲಿ ಅದನ್ನು ತಂದದ್ದು ಗಿಲ್ಸ್ ಪೀಟರ್ಸನ್ ಅವರ ಟಾಕಿನ್ ಲೌಡ್ ಕಂಪನಿ. ಕರೆಸಿಕೊಂಡವರ ಪಟ್ಟಿ ನೋಡಿದರೆ ಮದುವೆ ಮನೆಯ ನೆನಪಾಗುತ್ತದೆ: ಟಿಟೊ ಪುಯೆಂಟೆ, ಎಡ್ಡಿ ಪಾಲ್ಮಿಯೆರಿ, ಕೊಳಲಿನ ಡೇವ್ ವ್ಯಾಲೆಂಟಿನ್, ಗಿಟಾರಿನ ಜಾರ್ಜ್ ಬೆನ್ಸನ್, ವೈಬ್ರಫೋನಿನ ರಾಯ್ ಏಯರ್ಸ್, ಸೋಲ್ ಗಾಯಕಿ ಜೋಸ್ಲಿನ್ ಬ್ರೌನ್, ಇಂಡಿಯಾ, ಹಿಪ್‌ಹಾಪ್‌ನ ಡಿಜೆ ಜಾಝಿ ಜೆಫ್, ಜೊತೆಗೆ ಸಾಲ್ಸೋಲ್ ವಾದ್ಯವೃಂದ ಕಟ್ಟಿದ್ದ ಅದೇ ವಿನ್ಸೆಂಟ್ ಮೊಂಟಾನಾ. ಬೂಗಲೂವನ್ನು ಹೀಗಳೆದ ಪಾಲ್ಮಿಯೆರಿಯೂ ಬೂಗಲೂವಿನ ಮೊಮ್ಮಕ್ಕಳ ಜೊತೆ ಕೂತಿದ್ದಾರೆ. ನ್ಯಾಯ ಹೇಳಬೇಕೆಂದರೆ, 1971ರಲ್ಲೇ ಕಪ್ಪು ಫಂಕ್ ವಾದಕರನ್ನು ಸೇರಿಸಿಕೊಂಡು ‘ಹಾರ್ಲೆಮ್ ರಿವರ್ ಡ್ರೈವ್’ ಮಾಡಿದವರು ಅವರು. ಅವರ ತಕರಾರು ಬೆರಕೆಯ ಬಗ್ಗೆ ಅಲ್ಲ, ಬೆರಕೆಯ ಗುಣಮಟ್ಟದ ಬಗ್ಗೆ.

ಹಾಡುಗಳ ಆಯ್ಕೆಯೂ ಒಂದು ವಾದವೇ. ಲೊಲೀಟಾ ಹಾಲೊವೇ 1977ರಲ್ಲಿ ಸಾಲ್ಸೋಲ್ ವೃಂದದೊಡನೆ ಹಾಡಿದ್ದ ‘ರನ್‌ಅವೇ’ಯನ್ನು ಇಂಡಿಯಾ ಹಾಡಿದರು. ಷಿಕಾಗೊದ ರೋಟರಿ ಕನೆಕ್ಷನ್ ತಂಡದ 1971ರ ‘ಐ ಆಮ್ ದ ಬ್ಲ್ಯಾಕ್ ಗೋಲ್ಡ್ ಆಫ್ ದ ಸನ್’ ಜೋಸ್ಲಿನ್ ಬ್ರೌನ್ ಪಾಲಿಗೆ ಬಂತು. ಹಿಪ್‌ಹಾಪ್ ನಿರ್ಮಾಪಕರು ಲೆಕ್ಕವಿಲ್ಲದಷ್ಟು ಸಲ ಕತ್ತರಿಸಿದ ಬಾಬ್ ಜೇಮ್ಸ್ ಅವರ ‘ನಾಟಿಲಸ್’ ಅನ್ನು ಸ್ಯಾಂಪಲ್ ಮಾಡುವ ಬದಲು ಹೊಸದಾಗಿ ನುಡಿಸಿದರು. ಕದ್ದು ಬಳಸುವುದನ್ನೇ ಕಲೆಯಾಗಿಸಿಕೊಂಡವರು ಮೂಲದವರ ಮುಂದೆ ನೇರವಾಗಿ ಹೋಗಿ ಕೂತ ಗಳಿಗೆ ಅದು.

ಇದರ ಮೇಲೆ ಒಂದು ಗಂಭೀರ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಹೌಸ್ ಸಂಗೀತಕ್ಕೆ ಹಿರಿಯ ವಾದಕರ ಪ್ರಮಾಣಪತ್ರ ಏಕೆ ಬೇಕು? ಯಂತ್ರದಲ್ಲಿ ಮಾಡಿದ್ದು ಅರೆಸಂಗೀತ, ಜಾಜ್ ವಾದಕರು ಬಂದು ಮುಟ್ಟಿದರೆ ಪೂರ್ಣಸಂಗೀತ ಎಂಬ ಕೀಳರಿಮೆ ಇಲ್ಲಿ ನುಸುಳಿದೆಯಲ್ಲವೇ? ಆಲ್ಬಮ್ಮಿನ ಕೆಲವು ಕಡೆ, ವಿಶೇಷವಾಗಿ ಬೆನ್ಸನ್ ಅವರ ‘ಯೂ ಕ್ಯಾನ್ ಡೂ ಇಟ್’ನಲ್ಲಿ, ಸಭ್ಯತೆ ಹೆಚ್ಚಾಗಿ ಬೆವರು ಕಡಿಮೆಯಾಗಿದೆ. ಆದರೆ ‘ರನ್‌ಅವೇ’ ಬಂದಾಗ ಆಕ್ಷೇಪ ಬಾಯಿ ಮುಚ್ಚುತ್ತದೆ. ಮೂಲದಲ್ಲಿ ಸೋಲ್ ಗಾಯಕಿ ಹಾಡಿದ್ದನ್ನು ಸಾಲ್ಸಾ ಗಾಯಕಿ ಹಾಡಿದಾಗ ಹಾಡಿನ ಗುರುತ್ವ ಬೇರೆಡೆಗೆ ಸರಿಯುತ್ತದೆ. ಇದನ್ನು ಗೌರವಾರ್ಪಣೆ ಎನ್ನುವುದಕ್ಕಿಂತ ತಗಾದೆ ಎನ್ನುವುದು ಸರಿ.

ಮಾರುಕಟ್ಟೆಯ ಪೆಟ್ಟಿಗೆ

‘ಲ್ಯಾಟಿನ್ ಹೌಸ್’ ಎಂಬ ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೇವಿಡ್ ಮೊರಾಲೆಸ್ ಪೋರ್ಟೊರಿಕನ್ ಮೂಲದವರು. ವರ್ಷದ ಶ್ರೇಷ್ಠ ರೀಮಿಕ್ಸರ್ ಗ್ರ್ಯಾಮಿ 1998ರಲ್ಲಿ ಮೊದಲು ಸಂದದ್ದು ಫ್ರಾಂಕಿ ನಕಲ್ಸ್‌ಗೆ, ಮರುವರ್ಷ ಮೊರಾಲೆಸ್‌ಗೆ. ಅವರನ್ನು ಲ್ಯಾಟಿನ್ ಹೌಸ್ ಕಲಾವಿದ ಎಂದು ಯಾರೂ ಕರೆಯುವುದಿಲ್ಲ. ಸಿ+ಸಿ ಮ್ಯೂಸಿಕ್ ಫ್ಯಾಕ್ಟರಿಯ ರಾಬರ್ಟ್ ಕ್ಲಿವಿಯೆಸ್ ಅವರನ್ನೂ ಇಲ್ಲ. ಇತ್ತ ನ್ಯೂಯಾರ್ಕಿನ ಪ್ರಸಿದ್ಧ ಡಿಜೆ ಜೂನಿಯರ್ ವಾಸ್ಕೆಸ್ ಲ್ಯಾಟಿನೊ ಅಲ್ಲವೇ ಅಲ್ಲ, ಆ ಹೆಸರನ್ನು ಅವರೇ ಆರಿಸಿಕೊಂಡದ್ದು. ಪೆಟ್ಟಿಗೆ ತುಂಬುವುದು ಕಿವಿಗೆ ಬಿದ್ದ ಸ್ಪ್ಯಾನಿಷ್ ಮಾತಿನಿಂದಲೇ ಹೊರತು ಮಾಡಿದ ಕೈಯಿಂದಲೂ ಅಲ್ಲ, ಲಯದಿಂದಲೂ ಅಲ್ಲ. ಹಾಗಾಗಿ ಲ್ಯಾಟಿನೊಗಳ ಪಾಲು ದೊಡ್ಡದಾದಷ್ಟೂ ಪೆಟ್ಟಿಗೆಯಲ್ಲಿ ಅದು ಕಾಣುವುದು ಕಡಿಮೆ.

ಇನ್ನೂ ಇತ್ಯರ್ಥವಾಗದ್ದು

2022ರಲ್ಲಿ ಬಿಯಾನ್ಸೆಯ ‘ರಿನೇಸಾನ್ಸ್’ ಮತ್ತು ಡ್ರೇಕ್‌ನ ‘ಆನೆಸ್ಟ್‌ಲಿ, ನೆವರ್‌ಮೈಂಡ್’ ಬಂದಾಗ ಹೌಸ್ ಕಪ್ಪು ಜನರ ಸಂಗೀತ ಎಂಬ ಮಾತು ಜೋರಾಗಿ ಮರಳಿತು. ಯುರೋಪಿನ ಬಿಳಿ ಡಿಜೆಗಳು ದಶಕಗಳ ಕಾಲ ಲಾಭ ಉಂಡ ಮೇಲೆ ಆ ಮಾತು ಬರಲೇಬೇಕಿತ್ತು. ಅದೇ ಮಾತಿನಲ್ಲಿ ಪೋರ್ಟೊರಿಕನ್ನರಿಗೆ ಎಲ್ಲಿ ಜಾಗ ಎಂಬುದು ಮಾತ್ರ ತೀರ್ಮಾನವಾಗಿಲ್ಲ. ಆಫ್ರಿಕನ್ ಮೂಲದ ಪೋರ್ಟೊರಿಕನ್ನರು ಯಾವ ಸಾಲಿನಲ್ಲಿ ನಿಲ್ಲಬೇಕು ಎನ್ನುವುದೂ ತೀರ್ಮಾನವಾಗಿಲ್ಲ.

ಲಯದ ಮಟ್ಟದಲ್ಲೂ ಒಂದು ಗಂಟು ಉಳಿದಿದೆ. ಕ್ಲಾವೆಗೆ ದಿಕ್ಕು ಇದೆ, ನಾಲ್ಕು ಪೆಟ್ಟಿನ ಲಯಕ್ಕೆ ಇಲ್ಲ. ಡಿಜೆ ಎರಡು ರೆಕಾರ್ಡುಗಳ ಪೆಟ್ಟುಗಳನ್ನು ಕೂಡಿಸುವಾಗ ಕ್ಲಾವೆಯ ಮುಖಗಳು ಅಡ್ಡಾದಿಡ್ಡಿಯಾಗಬಹುದು. ನೆಲದ ಮೇಲೆ ಕುಣಿಯುವವರಿಗೆ ಅದು ತಿಳಿಯುತ್ತದೆಯೇ? ದಿಕ್ಕು ಕಳೆದುಕೊಂಡ ಕ್ಲಾವೆ ಕ್ಲಾವೆಯಾಗಿ ಉಳಿಯುತ್ತದೆಯೇ, ಅಥವಾ ಬರಿಯ ಐದು ಪೆಟ್ಟಿನ ಅಲಂಕಾರವೇ? ನಾನು ಮೇಲೆ ‘ನರ್ವಸ್ ಟ್ರ್ಯಾಕ್’ ಪರವಾಗಿ ಆಡಿದ ಮಾತಿನ ಬಲವೂ ಈ ಉತ್ತರದ ಮೇಲೆಯೇ ನಿಂತಿದೆ.

ಹೆಣ್ಣುದನಿಗಳ ಲೆಕ್ಕವನ್ನೂ ಯಾರೂ ಚುಕ್ತಾ ಮಾಡಿಲ್ಲ. 1989ರಲ್ಲಿ ಬ್ಲ್ಯಾಕ್ ಬಾಕ್ಸ್ ತಂಡದ ‘ರೈಡ್ ಆನ್ ಟೈಮ್’ ಲೊಲೀಟಾ ಹಾಲೊವೇ ದನಿಯನ್ನು ಎತ್ತಿಕೊಂಡು ತೆರೆಯ ಮೇಲೆ ಬೇರೊಬ್ಬ ರೂಪದರ್ಶಿಯ ತುಟಿ ಆಡಿಸಿತು. ಅದರ ಎದುರು ಮಾಸ್ಟರ್ಸ್ ಅಟ್ ವರ್ಕ್ ಗಾಯಕಿಯರ ಹೆಸರನ್ನು ಮುಂದಿಟ್ಟವರು, ನಿಜ. ಆದರೂ ‘ಡೀಪ್ ಇನ್‌ಸೈಡ್’ ರೆಕಾರ್ಡಿನ ಹೆಸರು ‘ಹಾರ್ಡ್‌ಡ್ರೈವ್’ ಎಂದೇ ಇದೆ, ಟಕ್ಕರ್ ಎಂದಲ್ಲ. ಕುಲಮೂಲದ ಜಗಳ ನಿರ್ಮಾಪಕರ ವಂಶವನ್ನಷ್ಟೇ ಎಣಿಸುತ್ತದೆ. ಸಾವಿರಾರು ಜನರನ್ನು ನಿಜವಾಗಿ ಅಲುಗಾಡಿಸಿದ ಕಂಠ ಯಾವ ವಂಶದ್ದು ಎಂದು ಕೇಳಿದರೆ ನಕ್ಷೆಯೇ ಬದಲಾದೀತು. ಟಕ್ಕರ್ ಮತ್ತು ಡಾನ್ ವೆಲ್ಷ್ ನಡೆಸುತ್ತಿದ್ದ, ಸೌಂಡ್ ಫ್ಯಾಕ್ಟರಿ ಬಾರಿನ ಬುಧವಾರದ ರಾತ್ರಿಗಳಲ್ಲಿ ವೇಗಾ ಏನು ನುಡಿಸಿದರು, ಜನ ಯಾವುದಕ್ಕೆ ಹುಚ್ಚೆದ್ದರು ಎನ್ನುವುದು ರೆಕಾರ್ಡುಗಳಲ್ಲಿ ಸಿಗುವ ಮಾಹಿತಿಯಲ್ಲ, ಅಲ್ಲಿದ್ದವರ ನೆನಪಿನಿಂದ ಕೂಡಿಸಿಕೊಳ್ಳಬೇಕಾದದ್ದು.

ಇನ್ನೊಂದು ಪ್ರಶ್ನೆಯನ್ನು ನಾಲ್ಕೂ ಪಕ್ಷಗಳು ತಲೆಕೆಳಗಾಗಿ ಹಿಡಿದಿವೆ ಎಂದು ನನ್ನ ಅನುಮಾನ. ಸಾಲ್ಸಾ ಹೌಸಿಗೆ ಏನು ಕೊಟ್ಟಿತು ಎಂದು ಎಲ್ಲರೂ ಕೇಳುತ್ತಾರೆ. ಆದರೆ ಇಂಡಿಯಾ 1992ರಲ್ಲಿ ಪಾಲ್ಮಿಯೆರಿ ಜೊತೆ ಆಲ್ಬಂ ಮಾಡಿ ಸಾಲ್ಸಾಕ್ಕೆ ಹೋದರು, ಮರುವರ್ಷ ಮಾರ್ಕ್ ಆಂಟನಿ ಹೋದರು. ತೊಂಬತ್ತರ ದಶಕದ ಸಾಲ್ಸಾವನ್ನು ಆಳಿದ ಈ ಇಬ್ಬರೂ ದನಿ ಬಿಡಲು ಕಲಿತದ್ದು ಕ್ಲಬ್ಬಿನ ಸ್ಪೀಕರುಗಳ ಮುಂದೆ, ವೇಗಾ ಪಕ್ಕದಲ್ಲಿ. ಹೌಸ್ ಸಾಲ್ಸಾಕ್ಕೆ ಏನು ಕೊಟ್ಟಿತು ಎಂದು ಹುಡುಕಬೇಕಾದವರು ಅವರ ಆ ಮೊದಲ ಸಾಲ್ಸಾ ಆಲ್ಬಂಗಳಿಂದ ಶುರುಮಾಡಬೇಕು.